ತಿರುವಿನ ದೃಶ್ಯ: ತೀವ್ರವಾದದ ಕಡೆಗೆ ಸರಿಯುವ ಹರೆಯವನ್ನು ಸಿನಿಮಾ ತೋರಿಸುವ ಬಗೆ

ಹಿಂದಿನಸಾಲು:

ಒಂದೇ ಬಗೆಯ ದೃಶ್ಯವನ್ನು ಬೇರೆ ಬೇರೆ ಚಿತ್ರಗಳಲ್ಲಿ ಎಷ್ಟು ಸಲ ನೋಡಿದ್ದೇನೆಂದರೆ, ಈಗ ಅದು ಶುರುವಾಗುವ ಮುನ್ನವೇ ಗುರುತು ಸಿಗುತ್ತದೆ. ನಗುನಗುತ್ತಿದ್ದ ಹುಡುಗನ ಮನೆಯಲ್ಲಿ ಒಂದು ಸಾವೋ ಒಂದು ಅವಮಾನವೋ ನಡೆಯುತ್ತದೆ; ಮಳೆ ಬರುತ್ತದೆ; ಅರ್ಧ ಮುಖ ಕತ್ತಲಲ್ಲಿಟ್ಟುಕೊಂಡ ಗಡಸು ದನಿಯ ಹಿರಿಯನೊಬ್ಬ ಭಾಷಣ ಮಾಡುತ್ತಾನೆ; ಹುಡುಗನ ಕಣ್ಣಿನ ಕ್ಲೋಸ್‌ಅಪ್ ಬರುತ್ತದೆ; ವಾದ್ಯಗಳು ಏರುತ್ತವೆ; ಮುಂದಿನ ಶಾಟ್‌ನಲ್ಲಿ ಅವನ ಕೈಯಲ್ಲಿ ಬಂದೂಕು ಇರುತ್ತದೆ. ಎಲ್ಲಕ್ಕೂ ಸೇರಿ ಮೂರು ನಿಮಿಷ.

ಈ ದೃಶ್ಯ ಹಳಸಿದೆ ಎಂಬುದು ನನ್ನ ತಕರಾರಲ್ಲ. ಹಳಸಿದ ದೃಶ್ಯವೂ ನಿಜ ಹೇಳಬಹುದು. ಇದು ಸುಳ್ಳು ಹೇಳುತ್ತದೆ, ಅದೂ ಮುಖ್ಯವಾದ ಜಾಗದಲ್ಲಿಯೇ. ಮಾತಿನಿಂದ ಮನಸ್ಸು ಬದಲಾಗುತ್ತದೆ, ಮನಸ್ಸು ಬದಲಾದ ಮೇಲೆ ಮನುಷ್ಯ ಗುಂಪು ಸೇರುತ್ತಾನೆ ಎಂಬ ಕ್ರಮವನ್ನು ಅದು ಪ್ರಶ್ನಿಸದೆ ಒಪ್ಪಿಕೊಂಡುಬಿಟ್ಟಿದೆ. ನಾನು ಓದಿ ತಿಳಿದ ಮಟ್ಟಿಗೆ ಈ ಕ್ರಮ ಬಹುಪಾಲು ತಿರುಗುಮುರುಗು. ಮನೋವೈದ್ಯ ಮಾರ್ಕ್ ಸೇಜ್‌ಮನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಗತಿಕ ಮಟ್ಟದ ಒಂದು ಹಿಂಸಾತ್ಮಕ ಚಳವಳಿಗೆ ಸೇರಿದ 172 ಮಂದಿಯ ಬದುಕನ್ನು ಸಾರ್ವಜನಿಕ ದಾಖಲೆಗಳಿಂದ ಕೂಡಿಸಿ ನೋಡಿದರು. ಮೂರನೇ ಎರಡು ಭಾಗದಷ್ಟು ಜನರಿಗೆ ಗೆಳೆತನ ಮೊದಲು ಬಂದಿತ್ತು, ಸೇರ್ಪಡೆ ಆಮೇಲೆ ಬಂದಿತ್ತು. ಇನ್ನು ಕೆಲವರು ರಕ್ತಸಂಬಂಧದ ದಾರಿಯಿಂದ ಬಂದವರು. ಮಾನಸಿಕ ಕಾಯಿಲೆಯ ಕುರುಹು ಅವರಲ್ಲಿ ಅಷ್ಟಾಗಿ ಕಾಣಲಿಲ್ಲ. ಅಂದರೆ ಮೊದಲು ಜತೆ ಸಿಗುತ್ತದೆ, ಆ ಜತೆಯನ್ನು ಉಳಿಸಿಕೊಳ್ಳಲು ಬೇಕಾದ ಮಾತನ್ನು ಹುಡುಗ ಆಮೇಲೆ ಕಲಿಯುತ್ತಾನೆ.

ಇದನ್ನು ಸರಿಯಾಗಿ ಕಟ್ಟಿದ ಒಂದು ಚಿತ್ರವನ್ನು ಹೆಸರಿಸುತ್ತೇನೆ: ಶೇನ್ ಮೆಡೋಸ್ ಅವರ 2006ರ ‘ದಿಸ್ ಈಸ್ ಇಂಗ್ಲೆಂಡ್’. ಕಥೆ ನಡೆಯುವುದು 1983ರಲ್ಲಿ. ಹನ್ನೆರಡು ವರ್ಷದ ಶಾನ್‌ನ ಅಪ್ಪ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಸತ್ತಿದ್ದಾನೆ; ಶಾಲೆಯಲ್ಲಿ ಅವನ ಪ್ಯಾಂಟು ನೋಡಿ ಎಲ್ಲರೂ ನಗುತ್ತಾರೆ. ಮನೆಗೆ ಹೋಗುವ ದಾರಿಯಲ್ಲಿ ಹರಟೆ ಹೊಡೆಯುತ್ತ ಕೂತಿದ್ದ ಹಿರಿಯ ಹುಡುಗರು ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ತಲೆ ಬೋಳಿಸುತ್ತಾರೆ, ತಮ್ಮಂಥದೇ ಅಂಗಿ ತೊಡಿಸುತ್ತಾರೆ. ಈ ಗುಂಪಿಗೆ ಯಾವ ದ್ವೇಷವೂ ಇಲ್ಲ. ಅದರಲ್ಲೊಬ್ಬ ಕರಿಯ ಹುಡುಗನೂ ಇದ್ದಾನೆ. ಜೈಲಿನಿಂದ ಬಿಡುಗಡೆಯಾದ ಜನಾಂಗದ್ವೇಷಿ ಕಾಂಬೊ ಬಂದು ಗುಂಪನ್ನು ಒಡೆಯುವ ಹೊತ್ತಿಗೆ ಅಂಗಿ, ಬೂಟು, ಬೋಳು ತಲೆ ಎಲ್ಲವೂ ಸಿದ್ಧವಾಗಿಯೇ ಇವೆ. ಅವನಿಗೆ ಉಳಿದ ಕೆಲಸವೆಂದರೆ ಅವುಗಳ ಅರ್ಥವನ್ನು ಬದಲಾಯಿಸುವುದು. ಆ ಯುದ್ಧವೇ ವ್ಯರ್ಥ ಎಂದು ಅವನು ಹೇಳಿದಾಗ ಶಾನ್ ಸಿಟ್ಟಿಗೆದ್ದು ಮೇಲೆ ಬೀಳುತ್ತಾನೆ. ಕಾಂಬೊ ಆ ಸಿಟ್ಟನ್ನು ಅಡಗಿಸುವುದಿಲ್ಲ, ಸಮಾಧಾನ ಮಾಡಿ ಅದಕ್ಕೊಂದು ಗುರಿ ತೋರಿಸುತ್ತಾನೆ. ಅಪ್ಪನ ಬಗ್ಗೆ ಆ ಹುಡುಗನ ಜತೆ ಅಷ್ಟು ನೇರವಾಗಿ ಮಾತಾಡಿದ ಗಂಡಸು ಆ ಚಿತ್ರದಲ್ಲಿ ಅವನೊಬ್ಬನೇ.

ನಿಮ್ಮ ನೆನಪಿನಲ್ಲಿರುವ ದೃಶ್ಯಗಳು ಯಾವುವು, ಕೆಟ್ಟವು ಎಲ್ಲಿ ಕೆಡುತ್ತವೆ ಎಂದು ಬರೆಯಿರಿ. ಯಾವ ಮತ, ಯಾವ ಪಕ್ಷ ಎಂಬ ಜಗಳಕ್ಕೆ ಬೇರೆ ಜಾಗಗಳಿವೆ. ಇಲ್ಲಿ ದೃಶ್ಯದ ಮಾತು ಸಾಕು.

ಕತ್ತರಿಕೆಲಸ:

ಇಪ್ಪತ್ತು ವರ್ಷದಿಂದ ಎಡಿಟಿಂಗ್ ಟೇಬಲ್ ಮುಂದೆ ಕೂತವನು ನಾನು. ಆದ್ದರಿಂದ ನೀವು ಹೇಳುವ ಮೂರು ನಿಮಿಷದ ಪಾಪದಲ್ಲಿ ನನಗೂ ಪಾಲಿದೆ. ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ.

ಚಿತ್ರಕಥೆಯಲ್ಲಿ ಅದು ಮೂರು ನಿಮಿಷ ಇರುವುದಿಲ್ಲ. ನಾನು ಕೆಲಸ ಮಾಡಿದ ಒಂದು ಚಿತ್ರದಲ್ಲಿ (ಹೆಸರು ಬೇಡ, ನಿರ್ದೇಶಕರು ಒಳ್ಳೆಯವರು) ಹುಡುಗ ಗುಂಪಿಗೆ ಸೇರುವ ಭಾಗಕ್ಕೆ ಏಳು ದೃಶ್ಯಗಳನ್ನು ಬರೆದು, ಏಳನ್ನೂ ಚಿತ್ರಿಸಿದ್ದರು. ಮೊದಲ ರಫ್ ಕಟ್, ಅಂದರೆ ದೃಶ್ಯಗಳ ಕಚ್ಚಾ ಜೋಡಣೆ, ಮೂರು ಗಂಟೆ ದಾಟಿತು. ಏನು ತೆಗೆಯುವುದು ಎಂಬ ಪ್ರಶ್ನೆ ಬಂದಾಗ ಕೈ ಮೊದಲು ಹೋಗುವುದು ಏನೂ ನಡೆಯದ ದೃಶ್ಯಗಳ ಮೇಲೆ. ಯಾರೋ ಹುಡುಗನಿಗೆ ಒಂದು ಅಂಗಿ ಕೊಡುತ್ತಾರೆ. ಯಾರೋ ಅವನ ಹೆಸರನ್ನು ಮೊಟಕು ಮಾಡಿ ಕರೆಯುತ್ತಾರೆ. ಬಾಗಿಲ ಬಳಿ ನಿಂತು ಯಾರು ಬಂದರೆಂದು ನೋಡಿಕೋ ಎಂದು ಹೇಳುತ್ತಾರೆ. ಇವೆಲ್ಲ ಕಥೆಯನ್ನು ಮುಂದಕ್ಕೆ ತಳ್ಳುವುದಿಲ್ಲ ಎಂಬ ಕಾರಣಕ್ಕೆ ನೆಲಕ್ಕೆ ಬೀಳುತ್ತವೆ. ಭಾಷಣ ಉಳಿಯುತ್ತದೆ, ಏಕೆಂದರೆ ಅದಕ್ಕೆ ಹೆಸರಾಂತ ನಟರು ದಿನಗಟ್ಟಲೆ ಕಾಲ್‌ಶೀಟ್ ಕೊಟ್ಟಿರುತ್ತಾರೆ. ಕೊನೆಗೆ ಏಳು ದೃಶ್ಯಗಳಲ್ಲಿ ಸತ್ಯವಾಗಿದ್ದ ಆರು ಹೋಗಿ, ಸುಳ್ಳಾಗಿದ್ದ ಒಂದು ಉಳಿಯಿತು. ನಾನೇ ತೆಗೆದದ್ದು.

ಆದರೂ ಕಿರಿದು ಮಾಡುವುದೇ ತಪ್ಪು ಎಂದರೆ ನಾನು ಒಪ್ಪುವುದಿಲ್ಲ, ಸರ್. ಎರಡು ವರ್ಷದ ಸಂಗತಿಯನ್ನು ಎರಡು ಗಂಟೆಯಲ್ಲಿ ಹೇಳುವುದು ನಮ್ಮ ಕಸುಬು. ಲೂಯಿ ಮಾಲ್ ಅವರ 1974ರ ‘ಲಕೋಂಬ್ ಲೂಸ್ಯಾಂ’ ಚಿತ್ರದಲ್ಲಿ ಈ ತಿರುವು ಇನ್ನೂ ಬೇಗ ಆಗುತ್ತದೆ. 1944ರ ಫ್ರಾನ್ಸ್, ಹಳ್ಳಿಯ ಹುಡುಗನೊಬ್ಬ ನಾಜಿಗಳ ವಿರುದ್ಧ ಹೋರಾಡುವವರ ಜತೆ ಸೇರಬೇಕೆಂದು ಶಾಲಾ ಮೇಷ್ಟ್ರನ್ನು ಕೇಳುತ್ತಾನೆ, ಅವರು ನೀನಿನ್ನೂ ಚಿಕ್ಕವನು ಎಂದು ಕಳಿಸಿಬಿಡುತ್ತಾರೆ. ಸೈಕಲ್ ಪಂಕ್ಚರ್ ಆಗಿ, ಹೊತ್ತು ಮೀರಿ, ಅವನು ತಲುಪುವುದು ಜರ್ಮನ್ ಪೊಲೀಸರಿಗೆ ದುಡಿಯುವ ಫ್ರೆಂಚರು ಬೀಡುಬಿಟ್ಟಿರುವ ಹೋಟೆಲನ್ನು. ಅವರು ಒಳಗೆ ಕರೆದು ಕುಡಿಸುತ್ತಾರೆ, ಮಾತಾಡಿಸುತ್ತಾರೆ. ಅಮಲಿನಲ್ಲಿ ಅವನ ಬಾಯಿಂದ ಮೇಷ್ಟ್ರ ಹೆಸರು ಹೊರಬೀಳುತ್ತದೆ. ಭಾಷಣವಿಲ್ಲ, ಮಳೆಯಿಲ್ಲ, ಕಣ್ಣಿನ ಕ್ಲೋಸ್‌ಅಪ್ ಇಲ್ಲ. ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆದಿತ್ತು, ಅಷ್ಟೇ. ಅವನ ಮನಸ್ಸು ಯಾವಾಗ ಬದಲಾಯಿತು ಎಂದು ಹುಡುಕಿದರೆ ಆ ಕ್ಷಣವೇ ಸಿಗುವುದಿಲ್ಲ. ಹಾಗೆ ಸಿಗದಿರುವುದೇ ಆ ಚಿತ್ರವನ್ನು ಕಂಡು ಫ್ರಾನ್ಸಿನಲ್ಲಿ ಹಲವರು ಕೆರಳಲು ಕಾರಣವಾಯಿತು.

ಚಾಕ್‌ಪೀಸ್:

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹಿಂದಿನಸಾಲು ಅವರು ವಿವರಿಸಿದ ಬಗೆಯ ದೃಶ್ಯವೊಂದನ್ನು ಹತ್ತನೇ ತರಗತಿಯ ಮಕ್ಕಳಿಗೆ ತೋರಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದೆ. ತರಗತಿಯಲ್ಲಿ ನಗು ಎದ್ದಿತು. “ಇಷ್ಟು ಗಂಟಲು ಹರಿದುಕೊಳ್ಳುವವನ ಹಿಂದೆ ಯಾರು ಸಾರ್ ಹೋಗ್ತಾರೆ?” ಎಂದು ಒಬ್ಬ ಹುಡುಗ ಕೇಳಿದ. ನನಗೆ ಗಾಬರಿಯಾದದ್ದು ಆಗ. ಅಪಾಯವೆಂದರೆ ಹೀಗೆ ಕಾಣುತ್ತದೆ ಎಂದು ಕಲಿಸಿದ ದೃಶ್ಯ, ಹೀಗೆ ಕಾಣದಿದ್ದರೆ ಅಪಾಯವಿಲ್ಲ ಎಂದೂ ಕಲಿಸಿಬಿಡುತ್ತದೆ. ನಾಳೆ ಅವನನ್ನು ಕರೆಯುವವರು ಮೆತ್ತಗೆ ಮಾತಾಡುವವರೂ ಅವನ ಕ್ರಿಕೆಟ್ ಬ್ಯಾಟಿಂಗ್ ಹೊಗಳುವವರೂ ಆಗಿದ್ದರೆ ಅವನಿಗೆ ಗುರುತೇ ಸಿಗಲಾರದು.

ಇನ್ನೊಂದು ಉದಾಹರಣೆ ನನ್ನ ವೃತ್ತಿಗೆ ಹತ್ತಿರದ್ದು. 1967ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ರಾನ್ ಜೋನ್ಸ್ ಎಂಬ ಇತಿಹಾಸದ ಮೇಷ್ಟ್ರು, ಸಾಮಾನ್ಯ ಜರ್ಮನ್ನರು ನಾಜಿಗಳನ್ನು ಹೇಗೆ ಒಪ್ಪಿಕೊಂಡರು ಎಂಬ ಪ್ರಶ್ನೆಗೆ ಉತ್ತರವಾಗಿ ತರಗತಿಯಲ್ಲೇ ಒಂದು ಚಳವಳಿಯನ್ನು ಹುಟ್ಟುಹಾಕಿದರು. ಬೆನ್ನು ನೆಟ್ಟಗೆ ಮಾಡಿ ಕೂರುವುದು, ಎದ್ದುನಿಂತು ಚುಟುಕಾಗಿ ಉತ್ತರ ಕೊಡುವುದು, ಒಂದು ವಿಶೇಷ ವಂದನೆ, ಸದಸ್ಯತ್ವದ ಕಾರ್ಡು: ಇಷ್ಟರಿಂದಲೇ ಅದು ತರಗತಿಯ ಗೋಡೆ ದಾಟಿ ಹಬ್ಬಿತು. ಐದನೇ ದಿನ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿ, ನಾಯಕ ಕಾಣಿಸಿಕೊಳ್ಳುತ್ತಾನೆಂದು ಹೇಳಿ, ಖಾಲಿ ಟಿವಿ ಪರದೆಯನ್ನು ತೋರಿಸಿ ಮುಗಿಸಿದರು. ಈ ಪ್ರಸಂಗವನ್ನು ಜರ್ಮನಿಗೆ ತಂದು ಡೆನ್ನಿಸ್ ಗಾನ್ಸೆಲ್ 2008ರಲ್ಲಿ ‘ದಿ ವೆಲ್ಲೆ’ ಎಂಬ ಚಿತ್ರ ಮಾಡಿದರು. ಅದರಲ್ಲಿ ಎಲ್ಲರಿಗಿಂತ ಒಂಟಿಯಾದ ಟಿಮ್ ಎಂಬ ಹುಡುಗ ಎಲ್ಲರಿಗಿಂತ ಗಾಢವಾಗಿ ಅಂಟಿಕೊಳ್ಳುತ್ತಾನೆ. ಗುಂಪಿನ ಸಮವಸ್ತ್ರವಾದ ಬಿಳಿ ಅಂಗಿಯನ್ನುಳಿದು ತನ್ನ ದುಬಾರಿ ಬಟ್ಟೆಗಳನ್ನು ಸುಟ್ಟುಹಾಕುತ್ತಾನೆ. ಬೆಂಕಿಯ ಮುಂದೆ ಅವನ ಮುಖದಲ್ಲಿ ಕೋಪವಿಲ್ಲ, ನೆಮ್ಮದಿ ಇದೆ. ಅಲ್ಲಿಯವರೆಗೆ ಚಿತ್ರ ನಿಜದ ಪಕ್ಕದಲ್ಲೇ ನಡೆಯಿತು. ಕೊನೆಗೆ ಟಿಮ್ ಸಹಪಾಠಿಗೆ ಗುಂಡು ಹಾರಿಸಿ, ತನಗೂ ಹಾರಿಸಿಕೊಳ್ಳುತ್ತಾನೆ. ನಿಜದಲ್ಲಿ ಯಾರೂ ಸಾಯಲಿಲ್ಲ. ಖಾಲಿ ಪರದೆಯ ಮುಂದೆ ಕೂತ ಮಕ್ಕಳ ಮುಖವೇ ಸಾಕಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಗುಂಡು ಹಾರದೆ ಪ್ರೇಕ್ಷಕರು ನಂಬುವುದಿಲ್ಲ ಎಂಬ ಅಂಜಿಕೆ ನಿರ್ದೇಶಕರಿಗೆ ಇದ್ದಿರಬೇಕು.

ಎರಡನೇಆಟ:

ಇಲ್ಲಿಯವರೆಗಿನ ಮಾತು ಚೆನ್ನಾಗಿದೆ, ಆದರೆ ಎಲ್ಲರೂ ಒಂದು ಸಂಗತಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದೀರಿ. ಒಂಟಿತನ, ಜತೆ, ಅಂಗಿ ಎಂದು ಮಾತಾಡಿದಷ್ಟೂ ಅನ್ಯಾಯ ಎಂಬ ಮಾತು ಮರೆಯಾಗುತ್ತದೆ. ಹುಡುಗನನ್ನು ಹೊಡೆದವರು ಯಾರು? ಹೊಡೆದವರನ್ನು ಬಿಟ್ಟು ಏಟು ತಿಂದವನ ಮನಸ್ಸನ್ನು ಮಾತ್ರ ಬಗೆದು ನೋಡುವ ಚಿತ್ರಗಳ ಬಗ್ಗೆ ನನಗೆ ಗುಮಾನಿ ಇದೆ.

ಗುಲ್ಜಾರ್ ಅವರ 1996ರ ‘ಮಾಚಿಸ್’ ನೆನಪಿಸಿಕೊಳ್ಳಿ. 1984ರ ನಂತರದ ಪಂಜಾಬ್. ಜಿಮ್ಮಿ ಎಂಬವನನ್ನು ಹುಡುಕಿಕೊಂಡು ಪೊಲೀಸರು ಮನೆಗೆ ಬರುತ್ತಾರೆ. ಜಸ್ಸಿ ತಮಾಷೆಗೆ ತಮ್ಮ ಮನೆಯ ನಾಯಿ ಜಿಮ್ಮಿಯನ್ನು ತೋರಿಸುತ್ತಾನೆ. ಆ ಒಂದು ತಮಾಷೆಗೆ ಅವನನ್ನು ಎತ್ತಿಕೊಂಡು ಹೋಗುತ್ತಾರೆ. ದಿನಗಟ್ಟಲೆ ಆದ ಮೇಲೆ ಜರ್ಜರಿತನಾಗಿ ಹಿಂತಿರುಗುತ್ತಾನೆ. ಅವನ ಗೆಳೆಯ ಕಿರ್ಪಾಲ್ ಬಂದೂಕಿನ ಕಡೆಗೆ ಹೊರಡುವುದು ಆ ಮೈಯನ್ನು ನೋಡಿದ ಮೇಲೆ. ಇಲ್ಲಿ ಯಾರೂ ಅವನನ್ನು ಮರುಳು ಮಾಡಲಿಲ್ಲ, ಅವನೇ ಹುಡುಕಿಕೊಂಡು ಹೋದ. ನಗುವ ಹಕ್ಕನ್ನೇ ಕಸಿದುಕೊಂಡ ಆಡಳಿತವನ್ನು ಒಂದು ನಾಯಿಯ ಹೆಸರಿನಲ್ಲಿ ತೋರಿಸಿದ ಆ ಸಂದರ್ಭ, ನಿಮ್ಮ ಮೂರು ನಿಮಿಷದ ಭಾಷಣಕ್ಕೆ ನೇರ ಉತ್ತರ.

ತೀವ್ರವಾದ ಎಂಬ ಪದವೇ ಇನ್ನೊಂದು ತೊಡಕು. ಫ್ರೆಂಚರ ಆಳ್ವಿಕೆಯ ವಿರುದ್ಧ ಅಲ್ಜೀರಿಯಾದವರು ನಡೆಸಿದ ಹೋರಾಟದ ಕಥೆಯಾದ, ಗಿಲ್ಲೊ ಪೊಂಟೆಕೊರ್ವೊ ಅವರ 1966ರ ‘ಬ್ಯಾಟಲ್ ಆಫ್ ಅಲ್ಜೀರ್ಸ್’ ಚಿತ್ರದಲ್ಲಿ ಬೀದಿಯ ಜೂಜುಕೋರ ಅಲಿ ಜೈಲಿನ ಕಿಟಕಿಯಿಂದ ಒಬ್ಬ ಕೈದಿಯ ತಲೆ ಕಡಿಯುವುದನ್ನು ನೋಡುತ್ತಾನೆ. ಹೊರಬಂದ ಮೇಲೆ ಸಂಘಟನೆ ಅವನ ಕೈಗೆ ಪಿಸ್ತೂಲು ಕೊಟ್ಟು ಪೊಲೀಸನನ್ನು ಕೊಲ್ಲಲು ಹೇಳುತ್ತದೆ. ಅವನು ಟ್ರಿಗರ್ ಎಳೆದರೆ ಗುಂಡು ಹಾರುವುದಿಲ್ಲ. ಅದು ಖಾಲಿ ಪಿಸ್ತೂಲು, ಇವನು ಪೊಲೀಸರ ಕಡೆಯವನೇ ಎಂದು ನೋಡುವ ಪರೀಕ್ಷೆ. ಆ ಚಿತ್ರವನ್ನು ನೋಡಿ ಬಂಡಾಯಗಾರರೂ ಪಾಠ ಕಲಿತರು. 2003ರಲ್ಲಿ ಇರಾಕ್ ಯುದ್ಧದ ಹೊತ್ತಿಗೆ ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್ ಕೂಡ ಪ್ರದರ್ಶನ ಏರ್ಪಡಿಸಿ ನೋಡಿತು. ಅಲಿ ತೀವ್ರವಾದಿಯೋ ಸ್ವಾತಂತ್ರ್ಯ ಹೋರಾಟಗಾರನೋ ಎಂಬುದು ನೋಡುವವರು ಎಲ್ಲಿ ಕೂತಿದ್ದಾರೆ ಎಂಬುದರ ಮೇಲೆ ನಿಂತಿದೆ.

ಹಿಂದಿನಸಾಲು:

ಎರಡನೇಆಟ ಅವರ ಏಟು ಸರಿಯಾದ ಕಡೆಗೇ ಬಿದ್ದಿದೆ. ಅನ್ಯಾಯವನ್ನು ಬಿಟ್ಟು ಮನಸ್ಸನ್ನು ಮಾತ್ರ ತೋರಿಸುವ ಚಿತ್ರ ಕೊನೆಗೆ ಹುಡುಗನನ್ನು ರೋಗಿಯನ್ನಾಗಿ ಮಾಡುತ್ತದೆ. ಆದರೆ ಅನ್ಯಾಯವೊಂದೇ ಸಾಕು ಎಂದಾದರೆ, ಅದೇ ಏಟು ತಿಂದ ಉಳಿದವರೆಲ್ಲ ಏಕೆ ಹೋಗಲಿಲ್ಲ ಎಂಬ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ. ‘ಮಾಚಿಸ್’ನಲ್ಲಿಯೂ ಏಟು ತಿಂದವನು ಜಸ್ಸಿ, ಹೊರಟವನು ಗೆಳೆಯ. ನಡುವೆ ಇರುವುದು ಅದೇ ಗೆಳೆತನ.

ಈ ಪ್ರಶ್ನೆಯನ್ನು ಒಂದೇ ಮನೆಯೊಳಗೆ ಇಟ್ಟು ನೋಡಿದ ಚಿತ್ರ ಸತ್ಯಜಿತ್ ರಾಯ್ ಅವರ 1970ರ ‘ಪ್ರತಿದ್ವಂದ್ವಿ’. ಕಲ್ಕತ್ತಾದ ಸಿದ್ಧಾರ್ಥನಿಗೆ ಕೆಲಸವಿಲ್ಲ. ಸಂದರ್ಶನದಲ್ಲಿ ಕಳೆದ ದಶಕದ ಅತ್ಯಂತ ಮಹತ್ವದ ಘಟನೆ ಯಾವುದು ಎಂದು ಕೇಳಿದಾಗ, ಅವನು ಚಂದ್ರನ ಮೇಲೆ ಮನುಷ್ಯ ಇಳಿದದ್ದನ್ನು ಬಿಟ್ಟು ವಿಯೆಟ್ನಾಂ ಯುದ್ಧ ಎನ್ನುತ್ತಾನೆ. ತಂತ್ರಜ್ಞಾನ ಬೆಳೆದ ಬಗೆ ನೋಡಿದರೆ ಚಂದ್ರನನ್ನು ಮುಟ್ಟುವುದು ನಿರೀಕ್ಷಿತವೇ ಆಗಿತ್ತು, ಸಾಮಾನ್ಯ ಜನ ತೋರಿದ ಎದೆಗಾರಿಕೆಯನ್ನು ಯಾರೂ ನಿರೀಕ್ಷಿಸಿರಲಿಲ್ಲ ಎಂಬುದು ಅವನ ವಾದ. ಮರುಪ್ರಶ್ನೆ: ನೀವು ಕಮ್ಯುನಿಸ್ಟರೇ? ಕೆಲಸ ಸಿಗುವುದಿಲ್ಲ. ಕೊನೆಗೊಂದು ದಿನ, ಬಿಸಿಲ ಬೇಗೆಯಲ್ಲಿ ಅಭ್ಯರ್ಥಿಗಳನ್ನು ಗಂಟೆಗಟ್ಟಲೆ ಕಾಯಿಸಿದ ಸಂದರ್ಶಕರ ಮೇಜನ್ನು ಅವನು ಉರುಳಿಸುತ್ತಾನೆ. ಆದರೂ ಅವನು ಕ್ರಾಂತಿಗೆ ಹೋಗುವುದಿಲ್ಲ. ಹೋಗಿರುವವನು ಅವನ ತಮ್ಮ ಟುನು. ಅದೇ ಮನೆ, ಅದೇ ಬಡತನ, ಅದೇ ಸೆಕೆ. ಟುನು ಏಕೆ ಹೋದ ಎಂದು ರಾಯ್ ಒಂದು ದೃಶ್ಯವನ್ನೂ ಕೊಡುವುದಿಲ್ಲ. ಅಣ್ಣ ತಮ್ಮನ ಕೋಣೆಯಲ್ಲಿ ನಿಂತು ಅವನನ್ನೇ ನೋಡುತ್ತಾನೆ, ನಾವೂ ನೋಡುತ್ತೇವೆ. ವಿವರಿಸದೆ ಬಿಡುವ ಧೈರ್ಯ ಈಚೆಗೆ ಕಡಿಮೆಯಾಗಿದೆ ಎಂಬುದು ನನ್ನ ಕೊರಗು.

ಬಾಗಿಲಸಂದು:

ಅಣ್ಣ ತಮ್ಮನ ಮಾತು ಬಂತು, ಆದ್ದರಿಂದ ಕೇಳುತ್ತೇನೆ: ಅಕ್ಕತಂಗಿಯರು, ಅಮ್ಮಂದಿರು ಈ ಚಿತ್ರಗಳಲ್ಲಿ ಏನು ಮಾಡುತ್ತಾರೆ? ಅಳುತ್ತಾರೆ. ಫೋಟೊ ಹಿಡಿದು ಠಾಣೆಯಿಂದ ಠಾಣೆಗೆ ಅಲೆಯುತ್ತಾರೆ. ಕೊನೆಯ ರೀಲಿನಲ್ಲಿ ಮಗನ ಎದುರು ನಿಂತು ಬಂದೂಕು ಕೆಳಗಿಡು ಎನ್ನುತ್ತಾರೆ. ಆದರೆ ಬದಲಾವಣೆಯನ್ನು ಮೊದಲು ಕಾಣುವವರು ಅವರೇ. ಮನೆಯಲ್ಲಿ ಒಬ್ಬ ಹುಡುಗ ಬದಲಾಗುವಾಗ ಏನೇನು ಆಗುತ್ತದೆ ಎಂಬುದನ್ನು ಬಲ್ಲ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ: ಹಳೆಯ ಗೆಳೆಯರು ಬಂದರೆ ಇಲ್ಲ ಎಂದು ಹೇಳಿಸುತ್ತಾನೆ, ಟಿವಿಯಲ್ಲಿ ಹಾಡು ಬಂದರೆ ಎದ್ದು ಹೋಗುತ್ತಾನೆ, ತಂಗಿಯ ಉಡುಪಿನ ಬಗ್ಗೆ ಮೊದಲ ಸಲ ಅಭಿಪ್ರಾಯ ಹೇಳುತ್ತಾನೆ. ಈ ಮೂರನೆಯದನ್ನು ತೋರಿಸಲು ಒಂದೇ ಶಾಟ್ ಸಾಕು. ನಾನು ಅದನ್ನು ತೆರೆಯ ಮೇಲೆ ಕಂಡದ್ದು ತೀರ ಕಡಿಮೆ.

ಇನ್ನು, ಸೆಳೆತಕ್ಕೆ ಒಳಗಾಗುವವಳು ಹುಡುಗಿಯಾದರೆ ಚಿತ್ರಗಳು ತಬ್ಬಿಬ್ಬಾಗುತ್ತವೆ. ಅವಳ ಮೇಲೆ ಅತ್ಯಾಚಾರ ನಡೆದಿರಬೇಕು, ಇಲ್ಲವೇ ಅವಳು ಯಾರನ್ನೋ ಪ್ರೀತಿಸಿರಬೇಕು. ಅವಳಿಗೂ ಒಂದು ವಿಚಾರ ಹಿಡಿಸಿರಬಹುದು ಎಂಬುದನ್ನು ಒಪ್ಪಲು ಚಿತ್ರಕಥೆಗಾರರಿಗೆ ಮನಸ್ಸಿಲ್ಲ. ಮಾರಿ ಕಾಸ್ಟಿಯ್ ಮೆನ್ಸಿಯೋನ್ ಶಾರ್ ಅವರು 2016ರಲ್ಲಿ ಮಾಡಿದ ಫ್ರೆಂಚ್ ಚಿತ್ರವೊಂದರಲ್ಲಿ ಸೆಲ್ಲೊ ನುಡಿಸುವ ಹದಿನಾರರ ಹುಡುಗಿಯನ್ನು ಅಂತರ್ಜಾಲದ ಮೂಲಕ ಒಬ್ಬ ಒಲಿಸಿಕೊಳ್ಳುತ್ತಾನೆ. ಅಲ್ಲಿಯೂ ಪ್ರೀತಿಯೇ ದಾರಿ. ಆದರೂ ಆ ಚಿತ್ರ ಒಂದು ಕೆಲಸವನ್ನು ಚೆನ್ನಾಗಿ ಮಾಡಿದೆ: ಸಂದೇಶಗಳು ಬರುವ ಹೊತ್ತನ್ನು ಅದು ಗಮನಿಸುತ್ತದೆ. ನೀನು ವಿಶೇಷದವಳು, ನಿನ್ನನ್ನು ಬೇರೆ ಯಾರೂ ಅರಿಯಲಾರರು ಎಂಬಂಥ ಮಾತುಗಳೇ ಮೊದಲ ಸಂದೇಶಗಳ ತುಂಬ ಇರುತ್ತವೆ. ದ್ವೇಷ ಬಹಳ ತಡವಾಗಿ ಒಳಗೆ ಬರುತ್ತದೆ.

ಮೊಬೈಲ್ ಪರದೆಯನ್ನು ಚಿತ್ರಿಸುವುದು ಕಷ್ಟ ಎಂದು ನಿರ್ದೇಶಕರು ಹೇಳುವುದನ್ನು ಕೇಳಿದ್ದೇನೆ. ಮುಖದ ಮೇಲೆ ನೀಲಿ ಬೆಳಕು, ಗಾಳಿಯಲ್ಲಿ ತೇಲುವ ಅಕ್ಷರಗಳು, ಇಷ್ಟಕ್ಕೇ ನಿಂತುಬಿಡುತ್ತಾರೆ. ಆದರೆ ಅದೇ ಕೋಣೆಯಲ್ಲಿ ಅಮ್ಮ ಬಟ್ಟೆ ಮಡಚುತ್ತಿರುತ್ತಾಳೆ, ಮಗಳು ಮೊಬೈಲ್ ನೋಡಿ ನಗುತ್ತಾಳೆ, ಯಾರೇ ಅದು ಎಂದು ಅಮ್ಮ ಕೇಳುತ್ತಾಳೆ, ಯಾರೂ ಇಲ್ಲಮ್ಮ ಎನ್ನುತ್ತಾಳೆ. ಅಮ್ಮನೂ ನಗುತ್ತಾಳೆ, ಮಗಳು ಖುಷಿಯಾಗಿದ್ದಾಳಲ್ಲ ಎಂದು. ಇದನ್ನು ತೆಗೆಯಲು ಯಾವ ಗ್ರಾಫಿಕ್ಸೂ ಬೇಡ.

ಇಂಟರ್ವಲ್:

ನನ್ನದು ಚಿಕ್ಕ ಪ್ರಶ್ನೆ. ಜತೆ, ಪ್ರೀತಿ, ಅಂಗಿ ಎಂದು ಅಷ್ಟು ಹಿತವಾಗಿ ತೋರಿಸಿದರೆ, ನೋಡುವ ಹುಡುಗನಿಗೂ ಅದು ಹಿತವಾಗಿಯೇ ಕಾಣುವುದಿಲ್ಲವೇ? ಕತ್ತಲೆ ಕೋಣೆಯ ಖಳನಾಯಕ ಸುಳ್ಳಾದರೂ ಅಪಾಯವಿಲ್ಲದ ಸುಳ್ಳು.

ಕತ್ತರಿಕೆಲಸ:

ನಮ್ಮ ಕಸುಬಿನಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ಸೆಳೆತವನ್ನು ತೋರಿಸದಿದ್ದರೆ ದೃಶ್ಯ ಸುಳ್ಳು, ತೋರಿಸಿದರೆ ದೃಶ್ಯವೇ ಸೆಳೆಯುತ್ತದೆ.

ಬಾಬ್ ಫಾಸ್ಸಿ ಅವರ 1972ರ ‘ಕ್ಯಾಬರೆ’ಯಲ್ಲಿ ಇದಕ್ಕೊಂದು ಉತ್ತರವಿದೆ; ಶಾಟ್ ಶಾಟ್ ಬಿಡಿಸಿ ನೋಡುವಂಥದ್ದು. 1931ರ ಜರ್ಮನಿ, ಬಯಲಿನಲ್ಲಿ ಮೇಜುಗಳನ್ನು ಹಾಕಿದ ಒಂದು ಬಿಯರ್ ತೋಟ, ಹಗಲು. ಒಬ್ಬ ಚೆಲುವ ಹುಡುಗ ಹಾಡುತ್ತಿದ್ದಾನೆ, ದನಿ ಸ್ವಚ್ಛವಾಗಿದೆ, ಹಾಡು ಪ್ರಕೃತಿಯ ಬಗ್ಗೆ. ಮೊದಲು ಮುಖ ಮಾತ್ರ ಕಾಣುತ್ತದೆ. ನಾವು ತಲೆದೂಗುತ್ತಿರುವಾಗ ಕ್ಯಾಮೆರಾ ಮೆಲ್ಲನೆ ಕೆಳಗಿಳಿಯುತ್ತದೆ. ತೋಳಿನ ಪಟ್ಟಿಯ ಮೇಲೆ ನಾಜಿಗಳ ಸ್ವಸ್ತಿಕ ಕಾಣುತ್ತದೆ. ಹಾಡು ನಿಲ್ಲುವುದಿಲ್ಲ. ಸುತ್ತಲಿನವರು ಒಬ್ಬೊಬ್ಬರಾಗಿ ಎದ್ದು ದನಿಗೂಡಿಸುತ್ತಾರೆ, ಹಾಡು ಗಡಸಾಗುತ್ತದೆ. ಒಬ್ಬ ಮುದುಕ ಮಾತ್ರ ಕೂತೇ ಇದ್ದಾನೆ. ಈ ದೃಶ್ಯ ಮೊದಲು ನಮ್ಮನ್ನೇ ಮರುಳು ಮಾಡಿ, ಆಮೇಲೆ ತೋಳನ್ನು ತೋರಿಸುತ್ತದೆ. ಹಾಡನ್ನು ಮೆಚ್ಚಿಕೊಂಡ ತಪ್ಪಿಗೆ ನಾವೂ ಸಾಕ್ಷಿಗಳಾಗುತ್ತೇವೆ. ಸೆಳೆತವನ್ನು ತೋರಿಸಿ, ಅದಕ್ಕೆ ಒಳಗಾದ ನಾಚಿಕೆಯನ್ನೂ ಅದೇ ಶಾಟ್‌ನಲ್ಲಿ ಇಡುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನ್ನ ಬಳಿ ಇಲ್ಲ.

ಅಪಾಯ ಇರುವುದು ಬೇರೆ ಕಡೆ. ಕೆಳಗಿನಿಂದ ಮೇಲಕ್ಕೆ ನೋಡುವ ಕ್ಯಾಮೆರಾ, ಸ್ಲೋ ಮೋಷನ್ ನಡಿಗೆ, ಎದೆ ನಡುಗಿಸುವ ಬೇಸ್ ಸಂಗೀತ: ಇವು ನಾಯಕನನ್ನು ಪರಿಚಯಿಸುವ ಸಲಕರಣೆಗಳು. ಗುಂಪಿಗೆ ಸೇರಿದ ಹುಡುಗನಿಗೂ ಇವನ್ನೇ ಬಳಸಿದರೆ, ಸಂಭಾಷಣೆ ಅವನನ್ನು ಎಷ್ಟೇ ಖಂಡಿಸಲಿ, ಚಿತ್ರ ಅವನಿಗೆ ಪಟ್ಟ ಕಟ್ಟಿದಂತೆಯೇ. ಖಂಡನೆ ಕಿವಿಯಲ್ಲಿ ಉಳಿಯುವುದಿಲ್ಲ, ನಡಿಗೆ ಕಣ್ಣಲ್ಲಿ ಉಳಿಯುತ್ತದೆ.

ಚಾಕ್‌ಪೀಸ್:

ಮಾತಿನ ಬಗ್ಗೆಯೂ ಒಂದು ಸೇರಿಸುತ್ತೇನೆ. ಚಿತ್ರಗಳಲ್ಲಿ ಇಂಥ ಗುಂಪಿನವರು ತ್ಯಾಗ, ಬಲಿದಾನ, ರಕ್ತ ಎಂದು ದಪ್ಪ ಅಕ್ಷರದಲ್ಲಿ ಮಾತಾಡುತ್ತಾರೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಬರೆದದ್ದು ಇದಕ್ಕೆ ವಿರುದ್ಧ: ಕ್ರೌರ್ಯಕ್ಕೆ ಮನಸ್ಸನ್ನು ಒಗ್ಗಿಸುವ ಉಪಾಯಗಳಲ್ಲಿ ಒಂದು, ಅದಕ್ಕೆ ನಯವಾದ ಹೆಸರಿಡುವುದು. ಎದುರಿನವರನ್ನು ಮನುಷ್ಯರಲ್ಲದ ಹೆಸರಿನಿಂದ ಕರೆಯುವುದು, ಹೊಣೆಯನ್ನು ಹತ್ತಾರು ಜನರಲ್ಲಿ ಹಂಚಿಬಿಡುವುದು ಇನ್ನೆರಡು. ಕೊಲೆಗೆ ಕೆಲಸ ಎಂದೂ ಬಾಂಬಿಗೆ ಸಾಮಾನು ಎಂದೂ ಹೇಳುವ ಒಂದು ಸಣ್ಣ ಸಂಭಾಷಣೆ, ಅರ್ಧ ಗಂಟೆಯ ಘೋಷಣೆಗಿಂತ ಹೆಚ್ಚು ಮೈ ನಡುಗಿಸುತ್ತದೆ. ಹುಡುಗ ಮೊದಲ ಸಲ ಆ ಪದವನ್ನು ತೊದಲದೆ ಬಳಸಿದ ದಿನವೇ ತಿರುವು. ಅದಕ್ಕೆ ಹಿನ್ನೆಲೆ ಸಂಗೀತ ಬೇಕಿಲ್ಲ.

ಎರಡನೇಆಟ:

ಮೇಷ್ಟ್ರೇ, ತೊದಲುವ ಮಾತು ಎತ್ತಿದ್ದರಿಂದ ನನಗೆ ಅಬ್ದೆರ್‌ರಹಮಾನ್ ಸಿಸ್ಸಾಕೊ ಅವರ 2014ರ ‘ಟಿಂಬಕ್ಟು’ ನೆನಪಾಯಿತು. ಊರನ್ನು ಹಿಡಿದುಕೊಂಡ ಶಸ್ತ್ರಧಾರಿಗಳು ಪ್ರಚಾರದ ವಿಡಿಯೊ ಮಾಡಲು ಒಬ್ಬ ಯುವಕನನ್ನು ಕ್ಯಾಮೆರಾ ಮುಂದೆ ಕೂರಿಸುತ್ತಾರೆ. ಹಿಂದೆ ರ‍್ಯಾಪ್ ಹಾಡುತ್ತಿದ್ದವನು ಅವನು. ಆ ಬದುಕು ತಪ್ಪಾಗಿತ್ತು ಎಂದು ಹೇಳಬೇಕು. ಹೇಳುತ್ತಾನೆ, ಆದರೆ ಮಾತಿಗೆ ಜೀವ ಬರುವುದಿಲ್ಲ. ಕಲಿಸುವವನು ಕೈ ಆಡಿಸಿ ತೋರಿಸುತ್ತಾನೆ, ನಂಬಿಕೆ ಕಾಣಬೇಕು ಎನ್ನುತ್ತಾನೆ. ಇನ್ನೊಂದು ಟೇಕ್. ಯುವಕ ತಲೆ ತಗ್ಗಿಸುತ್ತಾನೆ. ನಗು ಬರುವ ದೃಶ್ಯ, ಆದರೆ ನಗು ಪೂರ್ತಿ ಹೊರಗೆ ಬರುವುದಿಲ್ಲ. ಹಿಂದಿನಸಾಲು ಅವರು ಹೇಳಿದ ಕ್ರಮ ಇಲ್ಲಿ ಕಣ್ಣಿಗೇ ಕಾಣುತ್ತದೆ ಎಂದು ಒಪ್ಪುತ್ತೇನೆ: ಅವನು ಸೇರಿ ಆಗಿದೆ, ನಂಬಿಕೆ ಇನ್ನೂ ಬಂದಿಲ್ಲ. ಅನ್ಯಾಯದ ವಿಷಯದಲ್ಲಿ ನನ್ನ ಮಾತು ಹಾಗೆಯೇ ಇದೆ.

ಬಾಗಿಲಸಂದು:

ಹಿಂತಿರುಗುವ ದೃಶ್ಯಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಅವು ಇರುವುದೇ ಕಡಿಮೆ. ಹೆಚ್ಚಿನ ಚಿತ್ರಗಳು ಹುಡುಗನನ್ನು ಕೊಂದು ಕೈ ತೊಳೆದುಕೊಳ್ಳುತ್ತವೆ. ‘ದಿಸ್ ಈಸ್ ಇಂಗ್ಲೆಂಡ್’ ಕೊನೆಯಲ್ಲಿ ಶಾನ್ ತನಗೆ ಕೊಟ್ಟಿದ್ದ ಬಾವುಟವನ್ನು ಸಮುದ್ರಕ್ಕೆ ಎಸೆದು ಕ್ಯಾಮೆರಾ ಕಡೆಗೆ ತಿರುಗುತ್ತಾನೆ. ಚೆಂದದ ಶಾಟ್. ಆದರೆ ಸೋಮವಾರ ಬೆಳಿಗ್ಗೆ ಅವನು ಯಾರ ಪಕ್ಕದಲ್ಲಿ ಕೂರುತ್ತಾನೆ ಎಂಬುದೇ ನನಗೆ ಬೇಕಾಗಿದ್ದ ದೃಶ್ಯ. ಜತೆಗಾಗಿ ಹೋದವನು ಜತೆಯನ್ನು ಬಿಟ್ಟು ಬಂದ ಮೇಲೆ ಉಳಿಯುವುದು ಮೊದಲಿದ್ದ ಒಂಟಿತನವೇ, ಮೇಲೊಂದಿಷ್ಟು ನಾಚಿಕೆ.

ಹಿಂದಿನಸಾಲು:

ಕತ್ತರಿಕೆಲಸ ಅವರಿಗೆ ಒಂದು ಕೋರಿಕೆ. ನೀವು ತೆಗೆದುಹಾಕಿದ ಆರು ದೃಶ್ಯಗಳಲ್ಲಿ ಅಂಗಿ ಕೊಡುವುದು ಒಂದು ಎಂದಿರಿ. ಅದು ಹೇಗಿತ್ತು ಎಂದು ಸ್ವಲ್ಪ ಬಿಡಿಸಿ ಹೇಳುವಿರಾ?

ಕತ್ತರಿಕೆಲಸ:

ಒಟ್ಟು ನಲವತ್ತು ಸೆಕೆಂಡು ಇತ್ತು, ನಾಲ್ಕು ಟೇಕ್‌ಗಳು. ಹುಡುಗ ಮಳೆಯಲ್ಲಿ ನೆನೆದು ಬಂದಿದ್ದಾನೆ (ಮಳೆ ಇದ್ದೇ ಇತ್ತು, ಕ್ಷಮಿಸಿ). ಗುಂಪಿನವನೊಬ್ಬ, ಚಿತ್ರದಲ್ಲಿ ಹೆಸರೂ ಇಲ್ಲದ ಪಾತ್ರ, ತನ್ನ ಚೀಲದಿಂದ ಒಣಗಿದ ಅಂಗಿ ತೆಗೆದು ಕೊಡುತ್ತಾನೆ. ಮಾತಿಲ್ಲ. ಅಂಗಿ ದೊಡ್ಡದು, ತೋಳು ಬೆರಳ ತುದಿ ದಾಟಿ ಇಳಿಯುತ್ತದೆ. ಮೂರು ಟೇಕ್‌ಗಳಲ್ಲಿ ನಟ ತೋಳನ್ನು ತಾನೇ ಮಡಚಿಕೊಂಡ. ನಾಲ್ಕನೆಯದರಲ್ಲಿ ಅವನು ಸುಮ್ಮನೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ನಿಂತ, ಚಿಕ್ಕ ಮಕ್ಕಳು ನಿಲ್ಲುವಂತೆ. ಇನ್ನೊಬ್ಬ ನಟ ಒಂದು ಕ್ಷಣ ಗೊಂದಲಗೊಂಡು, ಆಮೇಲೆ ಬಗ್ಗಿ, ಮೊದಲು ಬಲಗೈ, ಆಮೇಲೆ ಎಡಗೈ, ಎರಡೆರಡು ಮಡಿಕೆ ಮಡಚಿದ. ಚಿತ್ರಕಥೆಯಲ್ಲಿ ಅದು ಇರಲಿಲ್ಲ. ನಿರ್ದೇಶಕರು ಕಟ್ ಎನ್ನುವುದನ್ನೇ ಮರೆತಿದ್ದರು. ರಷಸ್‌ನಲ್ಲಿ, ಅಂದರೆ ಕತ್ತರಿಸದ ಮೂಲ ಚಿತ್ರಣದಲ್ಲಿ, ಅದಾದ ಮೇಲೂ ಹನ್ನೊಂದು ಸೆಕೆಂಡು ಇಬ್ಬರೂ ಹಾಗೆಯೇ ನಿಂತಿದ್ದಾರೆ.